ಹೊರಗೆ ಉಣ್ಣುವುದೂ ಒಂದು ಪಾಠ

ಬೆಂಗಳೂರಿನಿಂದ ಹಾಸನದತ್ತ ಹೊರಟವರಿಗೆ ಸುಮಾರು 70 ಕಿಲೋಮೀಟರ್ ದೂರದ ಕುಣಿಗಲ್ ಎಂದರೆ ದೊಡ್ಡ ಕೆರೆ, ಕುದುರೆ ಫಾರಂ ನೆನಪಾಗುತ್ತವೆ. ಜೊತೆಗೆ ಹಸಿವೂ ನೆನಪಾಗುತ್ತದೆ! ಹೆದ್ದಾರಿಯ ಹೋಟೆಲಿನ ಮುಂದೆ ಬಸ್ಸು ನಿಂತರೆ ಕಂಡಕ್ಟರು ಕೊಡುವುದು ಹತ್ತೋ ಹದಿನೈದೋ ನಿಮಿಷ. ಅಷ್ಟರಲ್ಲಿ ಇಡ್ಲಿ ನುಂಗಿ, ಬಿಸಿ ಕಾಫಿಯನ್ನು ಊದಿ ಊದಿ ಕುಡಿದು ಓಡಬೇಕು. ಹೊಟ್ಟೆ ತುಂಬುತ್ತದೆ ನಿಜ, ಆದರೆ ಅದನ್ನು ಊಟ ಎನ್ನಲಾದೀತೆ?

ಊಟಕ್ಕೆಂದೇ ಹೋಗಿ, ಕೂತು, ಸಾವಧಾನವಾಗಿ ಉಂಡು ಬರುವ ಜಾಗಗಳೇ ಬೇರೆ. ಅಮೆರಿಕದ ವಿಸ್ಕಾನ್ಸಿನ್ ರಾಜ್ಯದಲ್ಲಿ ಅಂಥವಕ್ಕೆ 'ಸಪ್ಪರ್ ಕ್ಲಬ್' ಎನ್ನುತ್ತಾರೆ. ಊರಾಚೆಯ ರಸ್ತೆಯ ಬದಿಯಲ್ಲೋ ಕೆರೆಯ ದಡದಲ್ಲೋ ಒಂದೇ ಮನೆತನದವರು ನಡೆಸಿಕೊಂಡು ಬಂದ ಹೋಟೆಲುಗಳು ಇವು. ಹೆಸರಿಗೆ ಕ್ಲಬ್ಬು, ಸದಸ್ಯತ್ವವೇನೂ ಬೇಕಿಲ್ಲ. ಮೊದಲು ತಟ್ಟೆಯಲ್ಲಿ ಹಸಿ ಕ್ಯಾರೆಟ್ಟು, ಮೂಲಂಗಿ ಬರುತ್ತವೆ. ಶುಕ್ರವಾರ ಕರಿದ ಮೀನು, ಶನಿವಾರ ದನದ ಮಾಂಸದ ದೊಡ್ಡ ತುಂಡು ಎಂಬ ಕಟ್ಟಳೆ ಉಂಟು. ಶುಕ್ರವಾರ ಮಾಂಸ ಮುಟ್ಟದ ಕ್ಯಾಥೊಲಿಕ್ ಸಂಪ್ರದಾಯ ಮೀನಿನ ವಾಡಿಕೆಗೆ ಮುಖ್ಯ ಕಾರಣ. ಅಜ್ಜ ಉಂಡದ್ದನ್ನೇ ಮೊಮ್ಮಗನೂ ಉಣ್ಣುತ್ತಾನೆ. ಅವಸರ ಮಾತ್ರ ಯಾರಿಗೂ ಇಲ್ಲ.

ನಮ್ಮಲ್ಲಿ ಇದಕ್ಕೆ ಹತ್ತಿರದ್ದು ಯಾವುದು? ಬೆಂಗಳೂರಿನಲ್ಲಿ 1924ರಲ್ಲಿ ಆರಂಭವಾದ ಎಂ.ಟಿ.ಆರ್. ನೆನಪಾಗಬಹುದು. ಅಲ್ಲಿ ಸರದಿ ಕಾದು ಕೂತು, ಬಡಿಸಿದ ಕ್ರಮದಲ್ಲೇ ಉಣ್ಣುವುದು ರೂಢಿ. ಆದರೆ ಕುಣಿಗಲ್, ಗುಬ್ಬಿ, ತುಮಕೂರು ಸೀಮೆಯ ನಾಲಿಗೆಗೆ ಇನ್ನೂ ಹತ್ತಿರವಾದದ್ದು ಮುದ್ದೆ ಊಟದ ಹೋಟೆಲು. ಮಾಂಸದೂಟವಿದ್ದರೆ ಅದು 'ಮಿಲಿಟರಿ ಹೋಟೆಲ್'. ಎಲೆಯ ಮೇಲೆ ಹಬೆಯಾಡುವ ರಾಗಿ ಮುದ್ದೆ, ನಾಟಿ ಕೋಳಿ ಸಾರು ಅಥವಾ ಬೋಟಿ ಗೊಜ್ಜು, ಕೊನೆಗೆ ಅನ್ನ, ರಸ, ಮಜ್ಜಿಗೆ. ಸಸ್ಯಾಹಾರಿಗಳಿಗೆ ಸೊಪ್ಪಿನ ಸಾರೋ ಬಸ್ಸಾರೋ ಇರುವ ಹೋಟೆಲುಗಳೂ ಉಂಟು. ಮುದ್ದೆಗೆ ಅವಸರ ಒಗ್ಗುವುದಿಲ್ಲ. ತುತ್ತು ಮುರಿದು, ಸಾರಿನಲ್ಲಿ ಹೊರಳಿಸಿ, ಅಗಿಯದೆ ನುಂಗಬೇಕು.

ಇಲ್ಲೊಂದು ವಿಪರ್ಯಾಸವಿದೆ. ಹಿಂದೆ ಹೋಟೆಲಿಗೆ ಹೋಗುತ್ತಿದ್ದುದು ಮನೆಯಲ್ಲಿ ಸಿಗದ ಮಸಾಲೆ ದೋಸೆಗಾಗಿ. ಈಗ ಎಷ್ಟೋ ಮನೆಗಳಲ್ಲಿ ದೋಸೆ ಹಿಟ್ಟು ಫ್ರಿಜ್ಜಿನಲ್ಲೇ ಇರುತ್ತದೆ. ಮುದ್ದೆ ಕೋಲು ಮಾತ್ರ ಅಟ್ಟ ಸೇರಿದೆ. ದಿನಾ ಹಿಟ್ಟು ತೊಳಸುತ್ತಿದ್ದ ಅಜ್ಜಿಯ ಮೊಮ್ಮಕ್ಕಳು ಕಾರಿನಲ್ಲಿ ಹೋಗಿ, ದುಡ್ಡು ಕೊಟ್ಟು ಅದೇ ಮುದ್ದೆ ಉಣ್ಣುತ್ತಾರೆ. ಇದರಲ್ಲಿ ನಗುವಂಥದ್ದೇನೂ ಇಲ್ಲ. ಮನೆ ಮರೆತದ್ದನ್ನು ಹೋಟೆಲಾದರೂ ಉಳಿಸಿಕೊಂಡಿದೆ. ಆದರೆ ಹೋಟೆಲೊಂದರಲ್ಲೇ ಉಳಿದ ಅಡುಗೆ ವಿಶೇಷ ದಿನದ ತಿನಿಸಾಗುತ್ತದೆ, ನಿತ್ಯದ ಅನ್ನವಾಗುವುದಿಲ್ಲ.

ಬೆಳೆಯುವ ಮಕ್ಕಳ ಮಟ್ಟಿಗೆ ಇದು ಸಣ್ಣ ನಷ್ಟವಲ್ಲ. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಕ್ಯಾಲ್ಸಿಯಂ ಇದೆ. ಪಾಲಿಷ್ ಮಾಡಿದ ಅಕ್ಕಿಯಲ್ಲಿ ಅದರ ಹತ್ತನೆಯ ಒಂದು ಪಾಲೂ ಇಲ್ಲ. 2023ನ್ನು ವಿಶ್ವಸಂಸ್ಥೆ ಸಿರಿಧಾನ್ಯ ವರ್ಷವೆಂದು ಆಚರಿಸಿತು. ಕುಣಿಗಲ್ ಕಡೆಯ ರೈತನಿಗೆ ರಾಗಿಯ ಬೆಲೆ ತಿಳಿಯಲು ವಿಶ್ವಸಂಸ್ಥೆ ಹೇಳಬೇಕಾಗಿರಲಿಲ್ಲ.

ಹಾಗಾದರೆ ತಂದೆತಾಯಂದಿರು ಏನು ಮಾಡಬಹುದು? ಪರೀಕ್ಷೆ ಮುಗಿದ ಭಾನುವಾರ ಮಕ್ಕಳನ್ನು ಇಂಥ ಹೋಟೆಲಿಗೆ ಕರೆದೊಯ್ಯಿರಿ. ಚಮಚ ಬೇಡ, ಕೈಯಿಂದಲೇ ಉಣ್ಣಲಿ. ಟಿ.ವಿ., ಮೊಬೈಲುಗಳ ಗೊಡವೆ ಇಲ್ಲದ ಒಂದು ಗಂಟೆ ಮಾತಿಗೂ ಸಿಗುತ್ತದೆ. ಬಡಿಸುವವರನ್ನು 'ಅಣ್ಣಾ' ಎಂದು ಕರೆದು ಕೇಳುವುದನ್ನು, ಎಲೆಯಲ್ಲಿ ಬಿಡದಷ್ಟೇ ಹಾಕಿಸಿಕೊಳ್ಳುವುದನ್ನು ಮಕ್ಕಳು ಅಲ್ಲಿ ನೋಡಿಯೇ ಕಲಿಯುತ್ತಾರೆ.

ಮಾರನೆಯ ವಾರ ಮನೆಯಲ್ಲೇ ಪ್ರಯೋಗ ನಡೆಯಲಿ. ಎಸರು ಕುದಿಯುವಾಗ ಹಿಟ್ಟು ಸುರಿದು, ಬೇಯಲು ಬಿಟ್ಟು, ಗಂಟಾಗದಂತೆ ಕೋಲಿನಿಂದ ತಿರುವಬೇಕು. ಕೈ ನೀರಿನಲ್ಲಿ ಅದ್ದಿ, ಬಿಸಿ ಇರುವಾಗಲೇ ಉಂಡೆ ಕಟ್ಟಬೇಕು. ಬಿಸಿಯ ಕೆಲಸವಾದ್ದರಿಂದ ಹಿರಿಯರು ಪಕ್ಕದಲ್ಲಿರಲಿ. ಮೊದಲ ಮುದ್ದೆ ಗಂಟಾದರೂ ಚಿಂತೆಯಿಲ್ಲ. ಸಾರು ಚೆನ್ನಾಗಿದ್ದರೆ ಅದೂ ಗಂಟಲಲ್ಲಿ ಇಳಿಯುತ್ತದೆ.