ಉಗ್ರಾಣದಲ್ಲಿ ಉಳಿದ ರಾಗಗಳು: ‘ದಿ ಜಾಂಬೀಸ್’ ತಂಡದ ಮರುಮುದ್ರಣಗಳು ಹೇಳುವ ವ್ಯಾಪಾರ ಪಾಠ

ಮಾರಾಟವಾಗದೆ ಉಳಿದ ಸರಕು ವ್ಯಾಪಾರಿಯ ಲೆಕ್ಕದಲ್ಲಿ ಹೊರೆಯೇ ಸರಿ. ಅದು ಉಗ್ರಾಣದ ಜಾಗವನ್ನು ಆಕ್ರಮಿಸುತ್ತದೆ, ಬಂಡವಾಳವನ್ನು ಕಟ್ಟಿಹಾಕುತ್ತದೆ, ವರ್ಷಾಂತ್ಯದಲ್ಲಿ ಬೆಲೆ ತಗ್ಗಿಸಿ ಲೆಕ್ಕ ಬರೆಯುವಂತೆ ಮಾಡುತ್ತದೆ. ಧ್ವನಿಮುದ್ರಣ ಉದ್ಯಮದಲ್ಲಿ ಮಾತ್ರ ಈ ನಿಯಮಕ್ಕೆ ಆಗಾಗ ಅಪವಾದಗಳು ಕಂಡುಬರುತ್ತವೆ. 1968ರಲ್ಲಿ ಇಂಗ್ಲೆಂಡಿನಲ್ಲಿ ಬಿಡುಗಡೆಯಾಗಿ, ತವರಿನ ಮಾರುಕಟ್ಟೆಯಲ್ಲಿ ಸೋತ ‘ಒಡೆಸಿ ಅಂಡ್ ಒರಾಕಲ್’ ಎಂಬ ಗೀತಸಂಪುಟ ಅಂತಹ ಒಂದು ಅಪವಾದ. ಅದನ್ನು ರಚಿಸಿದ ‘ದಿ ಜಾಂಬೀಸ್’ ತಂಡವನ್ನು ಮುಂದಿನ ತಲೆಮಾರುಗಳು ಅರಿತದ್ದು ಬಹುಮಟ್ಟಿಗೆ ಮರುಮುದ್ರಣಗಳಿಂದಲೇ. ಈ ಕಥೆಯಲ್ಲಿ ಸಂಗೀತಪ್ರಿಯರಿಗೆ ಇರುವಷ್ಟೇ ಸ್ವಾರಸ್ಯ ವಾಣಿಜ್ಯೋದ್ಯಮಿಗಳಿಗೂ ಇದೆ.

ಬರೋಕ್ ಪಾಪ್ ಎಂಬ ಪ್ರಕಾರ

ಹದಿನೇಳು ಮತ್ತು ಹದಿನೆಂಟನೆಯ ಶತಮಾನಗಳ ಯುರೋಪಿನಲ್ಲಿ ಬಾಖ್ ಮೊದಲಾದವರ ಕೈಯಲ್ಲಿ ಬೆಳೆದ ಸಂಗೀತಶೈಲಿಗೆ ‘ಬರೋಕ್’ ಎಂದು ಹೆಸರು. ಅದರ ಹಾರ್ಪ್ಸಿಕಾರ್ಡ್, ತಂತಿವಾದ್ಯಗಳು ಹಾಗೂ ಒಂದರೊಡನೊಂದು ಹೆಣೆದುಕೊಳ್ಳುವ ಸ್ವರಪಂಕ್ತಿಗಳನ್ನು ಮೂರು ನಿಮಿಷಗಳ ಜನಪ್ರಿಯ ಗೀತೆಯೊಳಗೆ ಅಳವಡಿಸುವ ಪ್ರಯೋಗ 1960ರ ದಶಕದ ಮಧ್ಯಭಾಗದಲ್ಲಿ ನಡೆಯಿತು. ಇದನ್ನೇ ‘ಬರೋಕ್ ಪಾಪ್’ ಎನ್ನುತ್ತಾರೆ. ಅಮೆರಿಕದ ‘ದಿ ಲೆಫ್ಟ್ ಬ್ಯಾಂಕ್’ ತಂಡ 1966ರಲ್ಲಿ ಹೊರತಂದ ‘ವಾಕ್ ಅವೇ ರೆನೀ’ ಇದರ ಪ್ರಸಿದ್ಧ ಮಾದರಿ.

ಲಂಡನ್ನಿನ ಉತ್ತರಕ್ಕಿರುವ ಸೇಂಟ್ ಆಲ್ಬನ್ಸ್ ಪಟ್ಟಣದ ಯುವಕರು ಕಟ್ಟಿದ ಜಾಂಬೀಸ್ ತಂಡಕ್ಕೆ ಈ ಶೈಲಿ ಸಹಜವಾಗಿಯೇ ಒಲಿದಿತ್ತು. ಕೀಲಿಮಣೆ ವಾದಕ ರಾಡ್ ಅರ್ಜೆಂಟ್ ಬಾಲ್ಯದಲ್ಲಿ ಅಲ್ಲಿನ ಪ್ರಧಾನ ಚರ್ಚಿನ ಗಾಯನವೃಂದದಲ್ಲಿ ಹಾಡಿದವರು. ಕಾಲಿನ್ ಬ್ಲನ್‌ಸ್ಟನ್ ಅವರ ಮೃದು ಕಂಠ, ಕ್ರಿಸ್ ವೈಟ್ ಅವರ ಗೀತರಚನೆ, ಪಾಲ್ ಅಟ್ಕಿನ್ಸನ್ ಅವರ ಗಿಟಾರ್ ಮತ್ತು ಹ್ಯೂ ಗ್ರಂಡಿ ಅವರ ಡ್ರಮ್ ಸೇರಿ ತಂಡ ಪೂರ್ಣಗೊಂಡಿತು. 1964ರಲ್ಲಿ ಬಂದ ‘ಷೀಸ್ ನಾಟ್ ದೇರ್’ ಅಮೆರಿಕದ ಬಿಲ್‌ಬೋರ್ಡ್ ಪಟ್ಟಿಯಲ್ಲಿ ಎರಡನೆಯ ಸ್ಥಾನಕ್ಕೂ, ಮರುವರ್ಷದ ‘ಟೆಲ್ ಹರ್ ನೋ’ ಆರನೆಯ ಸ್ಥಾನಕ್ಕೂ ಏರಿದವು. ಅನಂತರದ ಧ್ವನಿಮುದ್ರಿಕೆಗಳು ಒಂದರ ಹಿಂದೊಂದು ನೆಲಕಚ್ಚಿದವು.

ಸಾವಿರ ಪೌಂಡಿನ ಬಂಡವಾಳ

1967ರಲ್ಲಿ ತಂಡವು ಸಿಬಿಎಸ್ ಸಂಸ್ಥೆಯೊಡನೆ ಒಪ್ಪಂದ ಮಾಡಿಕೊಂಡಿತು. ಹೊಸ ಸಂಪುಟಕ್ಕೆ ಮಂಜೂರಾದ ಮೊತ್ತ ಸುಮಾರು 1,000 ಪೌಂಡು ಮಾತ್ರ. ಮುದ್ರಣದ ಹೆಚ್ಚಿನ ಭಾಗ ನಡೆದದ್ದು ಲಂಡನ್ನಿನ ಅಬ್ಬೆ ರೋಡ್ ಸ್ಟುಡಿಯೋದಲ್ಲಿ. ಬೀಟಲ್ಸ್ ತಂಡ ತನ್ನ ‘ಸಾರ್ಜೆಂಟ್ ಪೆಪ್ಪರ್’ ಸಂಪುಟವನ್ನು ಅಲ್ಲಿಯೇ ಮುಗಿಸಿ ಕೆಲವೇ ವಾರಗಳಾಗಿದ್ದವು. ಸ್ಟುಡಿಯೋದ ಬಾಡಿಗೆ ದುಬಾರಿಯಾದುದರಿಂದ ಹಾಡುಗಳನ್ನು ಮೊದಲೇ ಚೆನ್ನಾಗಿ ಅಭ್ಯಾಸ ಮಾಡಿಕೊಂಡು ಬರುವುದು ತಂಡದ ಪರಿಪಾಠವಾಗಿತ್ತು.

ತಂತಿವಾದ್ಯಗಳ ದೊಡ್ಡ ಮೇಳವನ್ನು ಕರೆಸಲು ಹಣವಿರಲಿಲ್ಲ. ಅದಕ್ಕೆ ಪರಿಹಾರವಾಗಿ ಒದಗಿದ್ದು ಮೆಲ್ಲೋಟ್ರಾನ್ ಎಂಬ ಯಂತ್ರವಾದ್ಯ. ಇದರ ಪ್ರತಿಯೊಂದು ಕೀಲಿಗೂ ಒಂದೊಂದು ಟೇಪಿನ ತುಣುಕು ಜೋಡಿಸಲ್ಪಟ್ಟಿರುತ್ತದೆ. ಕೀಲಿಯನ್ನು ಒತ್ತಿದಾಗ ಅದರಲ್ಲಿ ಮೊದಲೇ ಮುದ್ರಿತವಾಗಿರುವ ಪಿಟೀಲು ಅಥವಾ ಕೊಳಲಿನ ಸ್ವರ ಸುಮಾರು ಎಂಟು ಸೆಕೆಂಡುಗಳ ಕಾಲ ನುಡಿಯುತ್ತದೆ. ಹೀಗೆ ಮಿತವ್ಯಯಕ್ಕಾಗಿ ಆರಿಸಿಕೊಂಡ ಉಪಕರಣವೇ ಸಂಪುಟದ ವಿಶಿಷ್ಟ ನಾದವಾಯಿತು. ವಸ್ತುವಿನಲ್ಲಿಯೂ ಹೊಸತನವಿತ್ತು. ಸೆರೆಮನೆಯಿಂದ ಬಿಡುಗಡೆಯಾಗಲಿರುವ ಪ್ರಿಯತಮೆಗೆ ಬರೆದ ಪತ್ರ ಒಂದು ಹಾಡಿನ ವಸ್ತುವಾದರೆ, ಮೊದಲನೆಯ ಮಹಾಯುದ್ಧದ ರಣಭೂಮಿಯಲ್ಲಿ ನಡುಗುವ ಸೈನಿಕನ ಅಳಲು ಮತ್ತೊಂದರದು.

ಸಂಸ್ಥೆಯು ಸ್ಟೀರಿಯೋ ಆವೃತ್ತಿಯನ್ನೂ ಕೇಳಿದಾಗ ನಿಗದಿತ ಹಣ ಮುಗಿದಿತ್ತು. ಅರ್ಜೆಂಟ್ ಮತ್ತು ವೈಟ್ ತಮ್ಮ ಗೀತರಚನೆಯ ಗಳಿಕೆಯಿಂದಲೇ ಅದರ ವೆಚ್ಚ ಭರಿಸಿದರು. ಮುಖಪುಟದ ಕಲಾವಿದ ಶೀರ್ಷಿಕೆಯ ‘ಒಡೆಸಿ’ ಪದದ ಕಾಗುಣಿತವನ್ನು ತಪ್ಪಾಗಿ ಬರೆದದ್ದು ಹಾಗೆಯೇ ಅಚ್ಚಾಯಿತು. ಇಂದಿಗೂ ಪ್ರತಿಯೊಂದು ಮರುಮುದ್ರಣದಲ್ಲಿ ಆ ತಪ್ಪೇ ಸರಕಿನ ಗುರುತಾಗಿ ಉಳಿದಿದೆ.

ಬೆಳೆದವರಿಲ್ಲದ ಫಸಲು

ಗಳಿಕೆಯಿಲ್ಲದೆ ಬೇಸತ್ತ ತಂಡ 1967ರ ಡಿಸೆಂಬರಿನಲ್ಲಿ ಚದುರಿತು. ಸಂಪುಟ ಹೊರಬಂದದ್ದು 1968ರ ಏಪ್ರಿಲ್‌ನಲ್ಲಿ. ಹಿತ್ತಲ ಗಿಡ ಮದ್ದಲ್ಲ ಎಂಬಂತೆ ಬ್ರಿಟನ್ನಿನಲ್ಲಿ ಅದಕ್ಕೆ ಬೇಡಿಕೆ ಬರಲಿಲ್ಲ. ಅಮೆರಿಕದ ಕೊಲಂಬಿಯಾ ಸಂಸ್ಥೆಯಲ್ಲಿದ್ದ ಸಂಗೀತಗಾರ ಆಲ್ ಕೂಪರ್ ಲಂಡನ್ನಿನಲ್ಲಿ ಅದನ್ನು ಕೇಳಿ ಮೆಚ್ಚಿ, ತಮ್ಮ ಸಂಸ್ಥೆಯ ಮುಖ್ಯಸ್ಥರನ್ನು ಒತ್ತಾಯಿಸಿ ಅಲ್ಲಿ ಬಿಡುಗಡೆ ಮಾಡಿಸಿದರು. ಅದರ ಕೊನೆಯ ಹಾಡಾದ ‘ಟೈಮ್ ಆಫ್ ದ ಸೀಸನ್’ 1969ರಲ್ಲಿ ಬಿಲ್‌ಬೋರ್ಡ್ ಪಟ್ಟಿಯ ಮೂರನೆಯ ಸ್ಥಾನಕ್ಕೇರಿತು.

ಅಷ್ಟರಲ್ಲಿ ಗಾಯಕ ಬ್ಲನ್‌ಸ್ಟನ್ ವಿಮಾ ಕಂಪೆನಿಯೊಂದರಲ್ಲಿ ಗುಮಾಸ್ತರಾಗಿ ಕೆಲಸಕ್ಕೆ ಸೇರಿದ್ದರು. ಅರ್ಜೆಂಟ್ ಮತ್ತು ವೈಟ್ ಹೊಸ ತಂಡದ ಸಿದ್ಧತೆಯಲ್ಲಿದ್ದರು. ಬೇಡಿಕೆಯಿತ್ತು, ಪೂರೈಸುವವರಿರಲಿಲ್ಲ. ಆ ತೆರವನ್ನು ತುಂಬಿದವರು ನಕಲಿಗಳು. ‘ಜಾಂಬೀಸ್’ ಹೆಸರಿನಲ್ಲಿ ಬೇರೆಯೇ ಕಲಾವಿದರು ಅಮೆರಿಕದಲ್ಲಿ ಕಾರ್ಯಕ್ರಮ ನೀಡಿ ಹಣ ಗಳಿಸಿದರು. ಅಂತಹ ಒಂದು ತಂಡದಲ್ಲಿದ್ದ ಇಬ್ಬರು ಮುಂದೆ ‘ಜೀಜೀ ಟಾಪ್’ ತಂಡದ ಸದಸ್ಯರಾಗಿ ಪ್ರಸಿದ್ಧರಾದರು. ಹೆಸರನ್ನು ಕಾಯುವವರಿಲ್ಲದಿದ್ದರೆ ಅದರ ಫಲ ಅನ್ಯರ ಪಾಲಾಗುತ್ತದೆ ಎಂಬುದಕ್ಕೆ ಬೇರೆ ನಿದರ್ಶನ ಬೇಕಿಲ್ಲ.

ಮೂಲಸುರುಳಿ ಮತ್ತು ಕರಾರುಪತ್ರ

ಈ ಹಾಡುಗಳು ಮರೆಯಾಗದೆ ಉಳಿದದ್ದು ಹೇಗೆ? ತಂಡದ ಧ್ವನಿಮುದ್ರಣಗಳ ಹಕ್ಕು ಮಾರ್ಕ್ವಿಸ್ ಎಂಟರ್‌ಪ್ರೈಸಸ್ ಎಂಬ ನಿರ್ಮಾಣ ಸಂಸ್ಥೆಯ ಕೈಯಲ್ಲಿತ್ತು. ಎರಡು ಬೇರೆ ಬೇರೆ ಕಂಪೆನಿಗಳ ಮುದ್ರೆಯಡಿ ಹೊರಬಂದಿದ್ದರೂ ಹಕ್ಕು ಒಂದೆಡೆ ಇದ್ದುದು ಮರುಮುದ್ರಣಕಾರರಿಗೆ ಅನುಕೂಲವಾಯಿತು. 1987ರಲ್ಲಿ ಅಮೆರಿಕದ ರೈನೋ ಸಂಸ್ಥೆ ‘ಒಡೆಸಿ’ಯನ್ನು ಮತ್ತೆ ಹೊರತಂದಿತು. 1997ರಲ್ಲಿ ಬ್ರಿಟನ್ನಿನ ಏಸ್ ಸಂಸ್ಥೆಯ ಬಿಗ್ ಬೀಟ್ ವಿಭಾಗ ‘ಜಾಂಬಿ ಹೆವನ್’ ಎಂಬ ನಾಲ್ಕು ಸಿ.ಡಿ.ಗಳ ಸಂಗ್ರಹವನ್ನು ಪ್ರಕಟಿಸಿತು.

ಒಳ್ಳೆಯ ಮರುಮುದ್ರಣವೆಂದರೆ ಹಳೆಯ ತಟ್ಟೆಯ ನಕಲಲ್ಲ. ‘ದಿಸ್ ವಿಲ್ ಬಿ ಅವರ್ ಇಯರ್’ ಹಾಡಿನ ಕಹಳೆಯ ಭಾಗವನ್ನು ಮಾನೋ ಮಿಶ್ರಣ ಮಾಡುವಾಗಲೇ ನೇರವಾಗಿ ನುಡಿಸಿ ಸೇರಿಸಲಾಗಿತ್ತು. ಮೂಲದ ಪ್ರತ್ಯೇಕ ಪಥಗಳಲ್ಲಿ ಅದು ಇರಲೇ ಇಲ್ಲ. ಆದುದರಿಂದ ನಿಜವಾದ ಸ್ಟೀರಿಯೋ ರೂಪ ಬೇಕೆಂದರೆ ಕಹಳೆಯನ್ನು ಬಿಡಬೇಕು, ಕಹಳೆ ಬೇಕೆಂದರೆ ಮಾನೋ ರೂಪವನ್ನೇ ಆಶ್ರಯಿಸಬೇಕು. ಇಂತಹ ಸೂಕ್ಷ್ಮಗಳನ್ನು ಅರಿತು ಎರಡೂ ರೂಪಗಳನ್ನು ಒದಗಿಸಿದುದರಿಂದಲೇ ಒಂದೇ ಸರಕನ್ನು ಗ್ರಾಹಕರು ಮತ್ತೆ ಮತ್ತೆ ಸಂತೋಷದಿಂದ ಕೊಂಡರು.

2003ರಲ್ಲಿ ರೋಲಿಂಗ್ ಸ್ಟೋನ್ ಪತ್ರಿಕೆ ತನ್ನ 500 ಶ್ರೇಷ್ಠ ಸಂಪುಟಗಳ ಪಟ್ಟಿಯಲ್ಲಿ ಇದಕ್ಕೆ 80ನೆಯ ಸ್ಥಾನ ನೀಡಿತು. 2008ರಲ್ಲಿ ಮೂಲ ತಂಡದ ನಾಲ್ವರು ಲಂಡನ್ನಿನ ವೇದಿಕೆಯಲ್ಲಿ ಇಡೀ ಸಂಪುಟವನ್ನು ನುಡಿಸಿದರು. ಅಟ್ಕಿನ್ಸನ್ 2004ರಲ್ಲಿಯೇ ನಿಧನರಾಗಿದ್ದರು. 2019ರಲ್ಲಿ ತಂಡ ಅಮೆರಿಕದ ರಾಕ್ ಅಂಡ್ ರೋಲ್ ಹಾಲ್ ಆಫ್ ಫೇಮ್ ಗೌರವಕ್ಕೆ ಪಾತ್ರವಾಯಿತು. 2022ರಲ್ಲಿ ಅಮೆರಿಕದಲ್ಲಿ 4.1 ಕೋಟಿ ವಿನೈಲ್ ತಟ್ಟೆಗಳು ಮಾರಾಟವಾಗಿ, 1987ರ ನಂತರ ಮೊದಲ ಬಾರಿಗೆ ಸಿ.ಡಿ.ಗಳ ಸಂಖ್ಯೆಯನ್ನು ಮೀರಿದವೆಂಬುದನ್ನು ಗಮನಿಸಿದರೆ ಹಳೆಯ ಸಂಗ್ರಹಗಳಿಗೆ ಒದಗಿದ ಹೊಸ ಬೆಲೆ ಅರ್ಥವಾಗುತ್ತದೆ.

ಇಷ್ಟಾದರೂ ಹಾಡು ಕಟ್ಟಿದವರಿಗೆ ತಮ್ಮ ಮುದ್ರಣಗಳ ಒಡೆತನ ದೊರೆತದ್ದು 2023ರಲ್ಲಿ. ಮೊದಲ ಕರಾರಿಗೆ ಸಹಿ ಹಾಕಿ ಹೆಚ್ಚುಕಡಿಮೆ ಅರವತ್ತು ವರ್ಷಗಳು ಸಂದಿದ್ದವು. ಬ್ರಿಟನ್ 2013ರ ನವೆಂಬರಿನಿಂದ ಧ್ವನಿಮುದ್ರಣಗಳ ಹಕ್ಕುಸ್ವಾಮ್ಯದ ಅವಧಿಯನ್ನು 50ರಿಂದ 70 ವರ್ಷಗಳಿಗೆ ವಿಸ್ತರಿಸದೆ ಇದ್ದಿದ್ದರೆ 1964ರ ಹಾಡುಗಳ ಹಕ್ಕು 2014ರ ಅಂತ್ಯಕ್ಕೇ ಮುಗಿದುಹೋಗುತ್ತಿತ್ತು. ಮರಳಿ ಪಡೆದ ಆಸ್ತಿಯನ್ನು ತಂಡ ಈಗ ‘ಬೀಚ್‌ವುಡ್ ಪಾರ್ಕ್’ ಎಂಬ ಸ್ವಂತ ಮುದ್ರೆಯಡಿ ಹೊರತರುತ್ತಿದೆ. ಆ ಹೆಸರು ‘ಒಡೆಸಿ’ ಸಂಪುಟದ್ದೇ ಒಂದು ಹಾಡಿನದು.

ನಮ್ಮ ಸದಸ್ಯರ ಗಮನಕ್ಕೆ

ಭಾರತದ 1957ರ ಹಕ್ಕುಸ್ವಾಮ್ಯ ಕಾಯಿದೆಯಂತೆ ಧ್ವನಿಮುದ್ರಣದ ಹಕ್ಕು, ಪ್ರಕಟಣೆಯ ಮರುವರ್ಷದ ಆರಂಭದಿಂದ 60 ವರ್ಷಗಳವರೆಗೆ ಇರುತ್ತದೆ. ಹಾಡಿರಲಿ, ವಿನ್ಯಾಸವಿರಲಿ, ವ್ಯಾಪಾರದ ಹೆಸರಿರಲಿ, ಇಂದು ಬೇಡಿಕೆಯಿಲ್ಲವೆಂಬ ಕಾರಣಕ್ಕೆ ಅದರ ಮೂಲಪ್ರತಿಯನ್ನೂ ಕರಾರುಪತ್ರವನ್ನೂ ಅಲಕ್ಷಿಸುವುದು ವಿವೇಕವಲ್ಲ. ಮೂಲಸುರುಳಿ ಸುರಕ್ಷಿತವಾಗಿದ್ದುದರಿಂದ ಜಾಂಬೀಸ್ ತಂಡದ ಹಾಡುಗಳು ಬದುಕಿದವು. ಕಾಗದ ಬೇರೆಯವರ ಕೈಯಲ್ಲಿದ್ದುದರಿಂದ ಒಡೆತನ ಹಾಡಿದವರನ್ನು ತಲುಪಲು ಅರವತ್ತು ವರ್ಷ ಹಿಡಿಯಿತು. ಅಷ್ಟು ಕಾಲ ಕಾಯುವ ಆಯುಷ್ಯ ಐವರಲ್ಲಿ ಒಬ್ಬರಿಗೆ ಇರಲಿಲ್ಲ. ಸಹಿ ಹಾಕುವ ದಿನವೇ ಕರಾರನ್ನು ಕೊನೆಯ ಸಾಲಿನವರೆಗೆ ಓದಬೇಕೆಂಬ ಹಳೆಯ ಬುದ್ಧಿವಾದದ ಬೆಲೆ ಇಷ್ಟು.