ಲಿಂಗ ಪರಿವರ್ತಿತ ಮಹಿಳೆಯರಿಗೆ ಸ್ತನವರ್ಧನ ಶಸ್ತ್ರಚಿಕಿತ್ಸೆ: ನಿರ್ಧಾರಕ್ಕೆ ಮುನ್ನ ತಿಳಿದಿರಬೇಕಾದ ವಿಷಯಗಳು

ಕೋಲಾರ ತಾಲ್ಲೂಕು ನರಸಾಪುರ ಹಾಗೂ ಸುತ್ತಮುತ್ತಲ ಗ್ರಾಮಗಳಲ್ಲಿ ವಾಸವಿರುವ ಲಿಂಗ ಪರಿವರ್ತಿತ ಮಹಿಳೆಯರು ಸ್ತನವರ್ಧನ ಶಸ್ತ್ರಚಿಕಿತ್ಸೆಗೆ ಒಳಗಾಗುವ ಮುನ್ನ ಪರಿಶೀಲಿಸಬೇಕಾದ ವಿಷಯಗಳನ್ನು ಸಾರ್ವಜನಿಕರ ಮಾಹಿತಿಗಾಗಿ ಇಲ್ಲಿ ವಿವರಿಸಲಾಗಿದೆ. ಈ ಶಸ್ತ್ರಚಿಕಿತ್ಸೆಯು ಸಂಪೂರ್ಣವಾಗಿ ಆಯಾ ವ್ಯಕ್ತಿಯ ಇಚ್ಛೆಗೆ ಸೇರಿದುದು. ಲಿಂಗತ್ವದ ಗುರುತನ್ನು ಮಾನ್ಯ ಮಾಡಲು ಶಸ್ತ್ರಚಿಕಿತ್ಸೆಯನ್ನು ಒತ್ತಾಯಿಸುವುದು ಕಾನೂನುಬಾಹಿರವೆಂದು ಸರ್ವೋಚ್ಚ ನ್ಯಾಯಾಲಯವು 2014ರ ಏಪ್ರಿಲ್ 15ರಂದು ರಾಷ್ಟ್ರೀಯ ಕಾನೂನು ಸೇವೆಗಳ ಪ್ರಾಧಿಕಾರದ ಪ್ರಕರಣದಲ್ಲಿ ತೀರ್ಪಿತ್ತಿತು. ಆದುದರಿಂದ ಕಾಗದಪತ್ರಗಳು ದೊರೆಯಲೆಂಬ ಒಂದೇ ಕಾರಣಕ್ಕೆ ಸಾಲ ಮಾಡಿ ಸ್ತನವರ್ಧನ ಮಾಡಿಸಿಕೊಳ್ಳುವುದು ಸರಿಯಾದ ಕ್ರಮವಲ್ಲ.

ಮೊದಲು ಪರಿಗಣಿಸಬೇಕಾದುದು ಕಾಲಾವಧಿ. ವೈದ್ಯರ ಮೇಲ್ವಿಚಾರಣೆಯಲ್ಲಿ ಈಸ್ಟ್ರೋಜನ್ ಹಾರ್ಮೋನ್ ಚಿಕಿತ್ಸೆಯನ್ನು ಆರಂಭಿಸಿದ 3ರಿಂದ 6 ತಿಂಗಳಲ್ಲಿ ಸ್ತನಗಳು ಬೆಳೆಯತೊಡಗುತ್ತವೆ. ಈ ಬೆಳವಣಿಗೆಯು ಪೂರ್ಣಗೊಳ್ಳಲು 2ರಿಂದ 3 ವರ್ಷ ಹಿಡಿಯುತ್ತದೆ. ಅಂತರರಾಷ್ಟ್ರೀಯ ಎಂಡೋಕ್ರೈನ್ ಸೊಸೈಟಿಯು 2017ರ ಮಾರ್ಗಸೂಚಿಯಲ್ಲಿ, ಕನಿಷ್ಠ 2 ವರ್ಷಗಳ ಹಾರ್ಮೋನ್ ಚಿಕಿತ್ಸೆಯ ತರುವಾಯವೇ ಸ್ತನವರ್ಧನವನ್ನು ಪರಿಗಣಿಸುವುದು ಸೂಕ್ತವೆಂದು ಹೇಳಿದೆ. ಚರ್ಮವು ಹಿಗ್ಗುವ ಮುನ್ನವೇ ಕೃತಕ ಸ್ತನವನ್ನು ಅಳವಡಿಸಿದಲ್ಲಿ ಆಕಾರವು ಅಸಹಜವಾಗಿ ಕಾಣುವ ಸಾಧ್ಯತೆ ಹೆಚ್ಚು. ಕಾದವರಲ್ಲಿ ಕೆಲವರಿಗೆ ಶಸ್ತ್ರಚಿಕಿತ್ಸೆಯ ಅಗತ್ಯವೇ ಕಂಡುಬರುವುದಿಲ್ಲ.

ಬೆಳವಣಿಗೆ ಶೀಘ್ರವಾಗಲೆಂದು ಔಷಧಿ ಅಂಗಡಿಯಿಂದ ಗರ್ಭನಿರೋಧಕ ಮಾತ್ರೆಗಳನ್ನು ತಾವೇ ಕೊಂಡು, ದಿನಕ್ಕೆ ಎರಡು ಮೂರರಂತೆ ಸೇವಿಸುವುದು ಅಪಾಯಕರ. ಇದರಿಂದ ಕಾಲಿನ ರಕ್ತನಾಳಗಳಲ್ಲಿ ರಕ್ತ ಹೆಪ್ಪುಗಟ್ಟಿ, ಅದು ಶ್ವಾಸಕೋಶಕ್ಕೆ ಸರಿದು ಪ್ರಾಣಾಪಾಯ ಒದಗಬಹುದು. ಧೂಮಪಾನಿಗಳಲ್ಲಿ ಈ ಅಪಾಯ ಇನ್ನೂ ಹೆಚ್ಚು. ಯಾವ ಮಾತ್ರೆಯನ್ನು ಎಷ್ಟು ಕಾಲ ಸೇವಿಸಲಾಗಿದೆ ಎಂಬುದನ್ನು ಸಂಕೋಚವಿಲ್ಲದೆ ಶಸ್ತ್ರವೈದ್ಯರಿಗೂ ಅರಿವಳಿಕೆ ತಜ್ಞರಿಗೂ ತಿಳಿಸತಕ್ಕದ್ದು. ಹೆಚ್‌ಐವಿ ಸೋಂಕು ಇದ್ದವರು ಅದನ್ನು ಮರೆಮಾಚಬೇಕಾಗಿಲ್ಲ. ಚಿಕಿತ್ಸೆಯಿಂದ ಸೋಂಕು ಹತೋಟಿಯಲ್ಲಿದ್ದಲ್ಲಿ ಅದೊಂದೇ ಶಸ್ತ್ರಚಿಕಿತ್ಸೆಗೆ ಅಡ್ಡಿಯಾಗುವುದಿಲ್ಲ.

ಲಿಂಗ ಪರಿವರ್ತಿತ ಮಹಿಳೆಯರ ಎದೆಯು ಸಾಮಾನ್ಯವಾಗಿ ಅಗಲವಾಗಿದ್ದು, ಮೊಲೆತೊಟ್ಟುಗಳ ನಡುವಿನ ಅಂತರವೂ ಹೆಚ್ಚಾಗಿರುತ್ತದೆ. ಆದಕಾರಣ ಎಷ್ಟೇ ದೊಡ್ಡ ಕೃತಕ ಸ್ತನವನ್ನು ಅಳವಡಿಸಿದರೂ ನಡುವೆ ಸ್ವಲ್ಪ ಅಂತರ ಉಳಿಯುವುದು ಸಹಜ. ಗಾತ್ರವನ್ನು ಆಯ್ಕೆ ಮಾಡುವಾಗ ಚಲನಚಿತ್ರ ತಾರೆಯರ ಛಾಯಾಚಿತ್ರಕ್ಕಿಂತ ತಮ್ಮ ಎದೆಯ ಅಳತೆಯೇ ಆಧಾರವಾಗಿರಲಿ. ಸಿಲಿಕೋನ್ ಜೆಲ್ ಅಥವಾ ಲವಣಜಲ ತುಂಬಿದ ಚೀಲವನ್ನು ಸ್ನಾಯುವಿನ ಮೇಲೆ ಇಲ್ಲವೇ ಕೆಳಗೆ ಇರಿಸಲಾಗುತ್ತದೆ. ಚೀಲದೊಳಗಿಲ್ಲದ ದ್ರವರೂಪದ ಸಿಲಿಕೋನನ್ನಾಗಲಿ ಎಣ್ಣೆಯನ್ನಾಗಲಿ ಚುಚ್ಚುಮದ್ದಿನ ಮೂಲಕ ತುಂಬಿಸಿಕೊಳ್ಳುವುದನ್ನು ಯಾವ ಕಾರಣಕ್ಕೂ ಒಪ್ಪಿಕೊಳ್ಳಬಾರದು. ಅದು ರಕ್ತನಾಳ ಸೇರಿದರೆ ಸಾವು ಸಂಭವಿಸಬಹುದು. ವರ್ಷಗಳ ನಂತರ ಗಂಟುಗಳಾಗಿ, ಹುಣ್ಣಾಗಿ ಕಾಡಬಹುದು. ಒಮ್ಮೆ ಹರಡಿದ ಮೇಲೆ ಪೂರ್ಣವಾಗಿ ಹೊರತೆಗೆಯುವುದು ಬಹುತೇಕ ಅಸಾಧ್ಯ.

ಕೃತಕ ಸ್ತನಗಳು ಜೀವಮಾನವಿಡೀ ಬಾಳಿಕೆ ಬರುವಂತಹವಲ್ಲ. ಸುತ್ತಲಿನ ಅಂಗಾಂಶವು ಗಟ್ಟಿಯಾಗಿ ಬಿಗಿದುಕೊಳ್ಳುವುದು, ಚೀಲ ಒಡೆಯುವುದು, ಸೋಂಕು, ಸ್ಪರ್ಶಜ್ಞಾನ ಕುಂದುವುದು ಮುಂತಾದ ತೊಡಕುಗಳಿಂದಾಗಿ ಮತ್ತೊಂದು ಶಸ್ತ್ರಚಿಕಿತ್ಸೆ ಬೇಕಾಗಬಹುದು. ಅದರ ವೆಚ್ಚವನ್ನೂ ಈಗಲೇ ಲೆಕ್ಕದಲ್ಲಿಡುವುದು ಒಳಿತು. ಒರಟು ಮೇಲ್ಮೈಯ ಕೃತಕ ಸ್ತನಗಳೊಂದಿಗೆ ಅಪರೂಪದ ಒಂದು ಬಗೆಯ ದುಗ್ಧಗ್ರಂಥಿ ಕ್ಯಾನ್ಸರ್ ಕಂಡುಬಂದ ಕಾರಣ, 2019ರ ಜುಲೈನಲ್ಲಿ ಅಲರ್ಗನ್ ಕಂಪನಿಯು ತನ್ನ ಬಯೋಸೆಲ್ ಮಾದರಿಯನ್ನು ಜಗತ್ತಿನಾದ್ಯಂತ ಹಿಂತೆಗೆದುಕೊಂಡಿತು. ಸಿಲಿಕೋನ್ ಜೆಲ್ ಅಳವಡಿಸಿಕೊಂಡವರು 5ರಿಂದ 6 ವರ್ಷಗಳ ನಂತರ ಮೊದಲ ಬಾರಿ, ಅನಂತರ 2-3 ವರ್ಷಕ್ಕೊಮ್ಮೆ ಸ್ಕ್ಯಾನಿಂಗ್ ಮಾಡಿಸಿಕೊಳ್ಳಬೇಕೆಂದು ಅಮೆರಿಕದ ಆಹಾರ ಮತ್ತು ಔಷಧ ಆಡಳಿತವು ಸಲಹೆ ನೀಡಿದೆ.

ರಕ್ತದೊತ್ತಡ, ಸಕ್ಕರೆ ಹಾಗೂ ರಕ್ತ ಪರೀಕ್ಷೆಗಳನ್ನು ಕೋಲಾರದ ಶ್ರೀ ನರಸಿಂಹರಾಜ ಜಿಲ್ಲಾ ಆಸ್ಪತ್ರೆಯಲ್ಲಿ ಮಾಡಿಸಿಕೊಳ್ಳಬಹುದು. ಪ್ಲಾಸ್ಟಿಕ್ ಸರ್ಜರಿ ವಿಭಾಗವಿರುವ ಬೆಂಗಳೂರಿನ ವಿಕ್ಟೋರಿಯಾ ಆಸ್ಪತ್ರೆಯಂತಹ ಸಂಸ್ಥೆಗಳಲ್ಲಿ ಈ ನಿರ್ದಿಷ್ಟ ಶಸ್ತ್ರಚಿಕಿತ್ಸೆ ಲಭ್ಯವಿದೆಯೇ ಎಂಬುದನ್ನು ಹೊರರೋಗಿ ವಿಭಾಗದಲ್ಲಿ ಮುಂಚಿತವಾಗಿ ವಿಚಾರಿಸತಕ್ಕದ್ದು. ಪದೇ ಪದೇ ಬೆಂಗಳೂರಿಗೆ ಹೋಗಿಬರಬೇಕಾಗುವುದರಿಂದ, 2023ರ ಜೂನ್ 11ರಂದು ಆರಂಭವಾದ ಶಕ್ತಿ ಯೋಜನೆಯು ಲಿಂಗತ್ವ ಅಲ್ಪಸಂಖ್ಯಾತರಿಗೂ ಅನ್ವಯಿಸುತ್ತದೆಂಬುದನ್ನು ಗಮನಿಸುವುದು. ಶಸ್ತ್ರಚಿಕಿತ್ಸೆಯ ಬಳಿಕ ಸುಮಾರು 4ರಿಂದ 6 ವಾರ ಭಾರ ಎತ್ತುವಂತಿಲ್ಲ. ನರಸಾಪುರ ಕೈಗಾರಿಕಾ ಪ್ರದೇಶದ ಕಾರ್ಖಾನೆಗಳಲ್ಲಿ ದುಡಿಯುವವರು ರಜೆಯನ್ನೂ, ಒಂಟಿಯಾಗಿ ವಾಸಿಸುವವರು ಮೊದಲ ವಾರ ಅಡುಗೆ, ನೀರು ನೋಡಿಕೊಳ್ಳಲು ಗುರುಗಳು ಅಥವಾ ಸ್ನೇಹಿತೆಯರ ನೆರವನ್ನೂ ಮೊದಲೇ ನಿಗದಿಪಡಿಸಿಕೊಳ್ಳಬೇಕು.

ಹಣಕಾಸಿನ ಸಂಬಂಧ, ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರ ಹಾಗೂ ಕೇಂದ್ರ ಸಾಮಾಜಿಕ ನ್ಯಾಯ ಮತ್ತು ಸಬಲೀಕರಣ ಸಚಿವಾಲಯಗಳು 2022ರ ಆಗಸ್ಟ್ 24ರಂದು ಮಾಡಿಕೊಂಡ ಒಡಂಬಡಿಕೆಯಲ್ಲಿ, ಗುರುತಿನ ಪ್ರಮಾಣಪತ್ರ ಹೊಂದಿದ ಲಿಂಗತ್ವ ಅಲ್ಪಸಂಖ್ಯಾತರಿಗೆ ಆಯುಷ್ಮಾನ್ ಭಾರತ್ ಅಡಿಯಲ್ಲಿ ವಾರ್ಷಿಕ 5 ಲಕ್ಷ ರೂಪಾಯಿಗಳ ವಿಮಾ ರಕ್ಷಣೆಯನ್ನು ಪ್ರಕಟಿಸಲಾಯಿತು. ಕಾರ್ಡ್ ಇದ್ದ ಮಾತ್ರಕ್ಕೆ ಪ್ರತಿಯೊಂದು ಆಸ್ಪತ್ರೆಯಲ್ಲಿಯೂ ಸ್ತನವರ್ಧನವು ಉಚಿತವೆಂದು ಭಾವಿಸತಕ್ಕದ್ದಲ್ಲ. ದಾಖಲಾಗುವ ಮುನ್ನ ಆಸ್ಪತ್ರೆಯಿಂದ ಲಿಖಿತ ಅನುಮೋದನೆ ಪಡೆದುಕೊಳ್ಳುವುದು ಸೂಕ್ತ.

ಗುರುತಿನ ಪ್ರಮಾಣಪತ್ರಕ್ಕೆ ಅಥವಾ ಅದರ ಪರಿಷ್ಕರಣೆಗೆ ಅರ್ಜಿ ಸಲ್ಲಿಸುವವರು, ಆ ದಿನದಂದು ಜಾರಿಯಲ್ಲಿರುವ ನಿಯಮಗಳನ್ನು ಕೋಲಾರದ ಜಿಲ್ಲಾಧಿಕಾರಿಗಳ ಕಚೇರಿಯಲ್ಲಿ ಖಚಿತಪಡಿಸಿಕೊಳ್ಳತಕ್ಕದ್ದು. ಶಸ್ತ್ರಚಿಕಿತ್ಸೆ ಮಾಡಿಸಿಕೊಂಡವರು ಆಸ್ಪತ್ರೆಯ ಬಿಡುಗಡೆ ಸಾರಾಂಶವನ್ನೂ, ಕೃತಕ ಸ್ತನದ ತಯಾರಕರು, ಮಾದರಿ ಮತ್ತು ಕ್ರಮಸಂಖ್ಯೆಯನ್ನು ನಮೂದಿಸಿದ ಚೀಟಿಯನ್ನೂ ಕೇಳಿ ಪಡೆದು, ಎರಡು ಪ್ರತಿಗಳನ್ನು ಬೇರೆ ಬೇರೆ ಸ್ಥಳಗಳಲ್ಲಿ ಇಟ್ಟುಕೊಳ್ಳಬೇಕು. ಮುಂದೆ ಚೀಲ ಒಡೆದಲ್ಲಿ ಅಥವಾ ಕಂಪನಿಯು ಆ ಮಾದರಿಯನ್ನು ಹಿಂತೆಗೆದುಕೊಂಡಲ್ಲಿ ವೈದ್ಯರು ಮೊದಲು ಕೇಳುವುದು ಈ ಚೀಟಿಯನ್ನೇ.