ಬೇಟೆಗಾರನ ಕಣ್ಣು ಮತ್ತು ಕೈ

ದಶರಥ ಮಹಾರಾಜನು ಶಬ್ದವೇಧಿ ವಿದ್ಯೆಯಲ್ಲಿ ನಿಪುಣನಾಗಿದ್ದನೆಂಬುದು ಎಲ್ಲರೂ ಬಲ್ಲ ಕಥೆ. ಸರಯೂ ನದಿಯ ತೀರದಲ್ಲಿ, ಕತ್ತಲೆಯಲ್ಲಿ, ಕೊಡ ತುಂಬುವ ಸದ್ದನ್ನು ಕೇಳಿ ಆನೆಯು ನೀರು ಕುಡಿಯುತ್ತಿದೆಯೆಂದು ಬಗೆದು ಬಾಣ ಬಿಟ್ಟನು. ಬಾಣವೇನೋ ಗುರಿ ತಪ್ಪಲಿಲ್ಲ. ಸತ್ತವನು ಮಾತ್ರ ಮುನಿಕುಮಾರ. ರಾಜನ ಕೈಯಲ್ಲಿ ಕೊರತೆಯಿರಲಿಲ್ಲ. ಕಣ್ಣಿನ ಕೆಲಸವನ್ನು ಕಿವಿಗೆ ವಹಿಸಿದ್ದೇ ಅನರ್ಥಕ್ಕೆ ಮೂಲವಾಯಿತು.

ಇದಕ್ಕೆ ಎದುರಾದ ಕಥೆಯೊಂದು ಕುಮಾವೂನಿನದು. ಜಿಮ್ ಕಾರ್ಬೆಟ್ಟರು ೧೯೦೭ರಲ್ಲಿ ಕೊಂದ ಚಂಪಾವತದ ಹೆಣ್ಣುಹುಲಿಯ ಬಲಗಡೆಯ ಮೇಲಿನ ಮತ್ತು ಕೆಳಗಿನ ಕೋರೆಹಲ್ಲುಗಳು ಹಿಂದೆಂದೋ ತಗುಲಿದ ಗುಂಡಿನಿಂದ ಮುರಿದುಹೋಗಿದ್ದವು. ಸಹಜವಾದ ಆಹಾರವನ್ನು ಹಿಡಿಯಲಾರದೆ ಅದು ಮನುಷ್ಯರ ಮೇಲೆ ಬಿದ್ದಿತು. ಅದಕ್ಕೆ ಬಲಿಯಾದವರು ೪೩೬ ಮಂದಿಯೆಂದು ಕಾರ್ಬೆಟ್ಟರ ಲೆಕ್ಕ. ಆ ಹಿಂದಿನ ಗುಂಡನ್ನು ಹಾರಿಸಿದವನು ಹುಲಿಯನ್ನು ಕಂಡೇ ಹೊಡೆದಿರಬೇಕು. ಅವನ ಕಣ್ಣು ಮಾಡಿದ್ದನ್ನು ಕೈ ಪೂರೈಸಲಿಲ್ಲ. ಅದರ ದಂಡವನ್ನು ತೆತ್ತವರು ಹುಲ್ಲು ಕೊಯ್ಯಲು, ಸೌದೆ ತರಲು ಹೋದ ಹಳ್ಳಿಯವರು.

ನಮ್ಮ ದೇಶದಲ್ಲಿ ೧೯೭೨ರ ವನ್ಯಜೀವಿ ಸಂರಕ್ಷಣಾ ಶಾಸನವೂ ೧೯೯೧ರ ತಿದ್ದುಪಡಿಯೂ ಬಂದ ಮೇಲೆ ವಿನೋದಕ್ಕಾಗಿ ಮಾಡುವ ದೊಡ್ಡ ಬೇಟೆಗೆ ಎಡೆಯಿಲ್ಲ. ಅದು ಒಳ್ಳೆಯದೇ ಆಯಿತು. ಆದರೆ ನಾರ್ವೆಯಂಥ ದೇಶಗಳಲ್ಲಿ ದೊಡ್ಡ ಬೇಟೆಯು ಕಾನೂನಿನ ಕಟ್ಟಿನೊಳಗೆ ಇಂದಿಗೂ ನಡೆಯುತ್ತಿದೆ. ಅಲ್ಲಿಯ ಮುಖ್ಯ ಮೃಗ ಮೂಸ್. ನಮ್ಮ ಕಡವೆಯ ಬಳಗದ್ದೇ, ಆದರೆ ಗಾತ್ರದಲ್ಲಿ ಕುದುರೆಯನ್ನು ಮೀರಿಸುವಂಥದು. ಬೇಟೆಯ ಕಾಲ ಸೆಪ್ಟೆಂಬರ್ ಕೊನೆಯಿಂದ ಡಿಸೆಂಬರಿನವರೆಗೆ. ಹಗಲು ಕುಗ್ಗುತ್ತ ಬರುವ ದಿನಗಳು. ಮೃಗವು ಕಾಡಿನಂಚಿಗೆ ಬರುವುದು ಮುಂಜಾವದಲ್ಲಿ, ಇಲ್ಲವೆ ಮುಚ್ಚಂಜೆಯಲ್ಲಿ. ಆದ್ದರಿಂದ ಗಾಜಿನ ಸಾಧನಗಳನ್ನು ಆರಿಸುವವನು ಮೊದಲು ವಿಚಾರಿಸಬೇಕಾದುದು ಬೆಳಕನ್ನು. ಎಷ್ಟು ದೊಡ್ಡದಾಗಿ ಕಾಣುತ್ತದೆ ಎಂಬ ಪ್ರಶ್ನೆ ಆಮೇಲಿನದು.

ದುರ್ಬೀನಿನ ಮೇಲೆ ೮×೪೨, ೧೦×೨೫ ಎಂದು ಬರೆದಿರುವುದನ್ನು ವಾಚಕರು ನೋಡಿರಬಹುದು. ಮೊದಲನೆಯ ಸಂಖ್ಯೆ ಎಷ್ಟು ಪಾಲು ಹಿಗ್ಗಿಸುತ್ತದೆ ಎಂಬುದು. ಎರಡನೆಯದು ಮುಂದಿನ ಮಸೂರದ ವ್ಯಾಸ, ಮಿಲಿಮೀಟರುಗಳಲ್ಲಿ. ಎರಡನೆಯದನ್ನು ಮೊದಲನೆಯದರಿಂದ ಭಾಗಿಸಿದರೆ ಕಣ್ಣಿನ ಕಡೆಗೆ ಹೊರಬೀಳುವ ಬೆಳಕಿನ ಬಿಲ್ಲೆಯ ಅಗಲ ದೊರೆಯುತ್ತದೆ. ೮×೪೨ರಲ್ಲಿ ಅದು ಐದು ಮಿಲಿಮೀಟರಿಗೆ ತುಸು ಮೇಲೆ. ೧೦×೨೫ರಲ್ಲಿ ಎರಡೂವರೆ ಮಾತ್ರ. ಕತ್ತಲಲ್ಲಿ ಹರೆಯದವನ ಕಣ್ಣಿನ ಪಾಪೆ ಸುಮಾರು ಏಳು ಮಿಲಿಮೀಟರಿನಷ್ಟು ಅರಳುತ್ತದೆ. ನಡುವಯಸ್ಸು ದಾಟಿದವರಲ್ಲಿ ಐದರ ಆಸುಪಾಸಿಗೆ ನಿಲ್ಲುತ್ತದೆ. ಪಾಪೆ ಐದು ಮಿಲಿಮೀಟರು ಬಾಯಿ ತೆರೆದಿರುವಾಗ ಎರಡೂವರೆಯ ಬಿಲ್ಲೆಯನ್ನು ಒಡ್ಡಿದರೆ ಕಾಲುಪಾಲು ಬೆಳಕಷ್ಟೇ ಒಳಹೋದಂತಾಯಿತು. ನಡುಹಗಲಿನಲ್ಲಿ ಪಾಪೆಯೇ ಕಿರಿದಾಗಿರುವುದರಿಂದ ಈ ಕೊರತೆ ತಿಳಿಯದು. ಅಂಗಡಿಯ ದೀಪದಡಿಯಲ್ಲಿ ದುರ್ಬೀನನ್ನು ಪರೀಕ್ಷಿಸಿ ಕೊಳ್ಳುವವರು ಮೋಸಹೋಗುವುದು ಇಲ್ಲಿಯೇ.

ಇನ್ನೊಂದು ವಿಷಯ ಗಾಜಿನ ಲೇಪ. ಲೇಪವಿಲ್ಲದ ಗಾಜಿನ ಒಂದೊಂದು ಮೈಯೂ ಬಂದ ಬೆಳಕಿನಲ್ಲಿ ನೂರಕ್ಕೆ ನಾಲ್ಕು ಪಾಲನ್ನು ಹಿಂದಕ್ಕೆ ಚೆಲ್ಲುತ್ತದೆ. ದುರ್ಬೀನಿನೊಳಗೆ ಮಸೂರ, ಪಟ್ಟಕಗಳೆಲ್ಲ ಸೇರಿ ಇಂಥ ಹತ್ತು ಮೈಗಳಿದ್ದರೆ ಮೂರರಲ್ಲೊಂದು ಪಾಲು ಬೆಳಕು ದಾರಿಯಲ್ಲೇ ಕಳೆಯಿತು. ೧೯೩೫ರಲ್ಲಿ ಜರ್ಮನಿಯ ಝೈಸ್ ಕಾರ್ಖಾನೆಯ ಅಲೆಕ್ಸಾಂಡರ್ ಸ್ಮಕೂಲಾ ಎಂಬ ವಿಜ್ಞಾನಿ ತೆಳ್ಳನೆಯ ಲೇಪದಿಂದ ಈ ನಷ್ಟವನ್ನು ತಗ್ಗಿಸುವ ಉಪಾಯವನ್ನು ಕಂಡುಹಿಡಿದನು. ಇಂದಿನ ಒಳ್ಳೆಯ ದುರ್ಬೀನುಗಳಲ್ಲಿ ಪ್ರತಿಯೊಂದು ಮೈಗೂ ಹಲವು ಪದರ ಲೇಪವಿರುತ್ತದೆ. ಹಣವನ್ನು ಸುರಿಯುವುದಾದರೆ ಇದಕ್ಕೆ ಸುರಿಯಬೇಕೇ ಹೊರತು ದೊಡ್ಡ ಸಂಖ್ಯೆಗಲ್ಲ. ಹನ್ನೆರಡು ಪಾಲು ಹಿಗ್ಗಿಸುವ ದುರ್ಬೀನು ಕೈಯ ನಡುಕವನ್ನೂ ಹನ್ನೆರಡು ಪಾಲು ಹಿಗ್ಗಿಸುತ್ತದೆಯಷ್ಟೆ!

ತೇಜಸ್ವಿಯವರ ಮೂಲಕ ಕೆನೆತ್ ಆಂಡರ್ಸನ್ನರ ಕಥೆಗಳನ್ನು ಓದಿ ಬೆಳೆದ ನಮಗೆ ಬೇಟೆಯೆಂದರೆ ಮಚಾನು, ಕೋವಿಗೆ ಕಟ್ಟಿದ ಟಾರ್ಚು. ಅಲ್ಲಿ ಈಡು ಬೀಳುತ್ತಿದ್ದುದು ತೀರ ಹತ್ತಿರದಿಂದ. ದೂರದ ಬೇಟೆಗೆ ರೈಫಲ್ಲಿನ ಮೇಲೆ ಕೂರಿಸುವ ದೂರದರ್ಶಕ ಬೇಕಾಗುತ್ತದೆ. ಇದರಲ್ಲಿಯೂ ಮೂರರಿಂದ ಒಂಬತ್ತು ಪಾಲಿನವರೆಗೆ ಬದಲಿಸಬಹುದಾದುದು ಧಾರಾಳವಾಗಿ ಸಾಕು. ಮರಗಳ ನಡುವೆ ಮೃಗ ಚಲಿಸುತ್ತಿರುವಾಗ ಮೂರರಲ್ಲಿಯೇ ಇರಿಸಿಕೊಳ್ಳುವುದು ಜಾಣತನ. ನೋಟದ ಬಯಲು ಅಗಲವಾಗಿರುತ್ತದೆ. ಕಣ್ಣಿಗೂ ಗಾಜಿಗೂ ಸುಮಾರು ಒಂಬತ್ತು ಸೆಂಟಿಮೀಟರಿನ ಅಂತರ ಬೇಕು; ಇಲ್ಲವಾದರೆ ರೈಫಲ್ಲು ಒದೆದಾಗ ಹುಬ್ಬು ಸೀಳುತ್ತದೆ. ಮೃಗವನ್ನು ಹುಡುಕುವುದಕ್ಕೆ ಈ ದೂರದರ್ಶಕವನ್ನು ಎಂದಿಗೂ ಬಳಸಕೂಡದು. ಅದು ತಿರುಗಿದತ್ತ ನಳಿಗೆಯೂ ತಿರುಗುತ್ತದೆ. ಪೊದೆಯ ಹಿಂದಿರುವುದು ಮೃಗವೋ ಅಣಬೆ ಆಯಲು ಬಂದ ಮುದುಕಿಯೋ ಎಂಬುದನ್ನು ದುರ್ಬೀನಿನಿಂದಲೇ ತಿಳಿಯಬೇಕು.

ಇನ್ನು ಕೈಯ ವಿಚಾರ. ಗುಂಡು ನೆಟ್ಟಗೆ ಹೋಗುತ್ತದೆಂದು ಎಣಿಸುವವರು ಬಹಳ. ನಳಿಗೆಯನ್ನು ಬಿಟ್ಟ ಕ್ಷಣದಿಂದಲೇ ಭೂಮಿಯು ಅದನ್ನು ಕೆಳಕ್ಕೆ ಸೆಳೆಯುತ್ತಿರುತ್ತದೆ. ಬಹು ಬಳಕೆಯ ಥರ್ಟಿ-ನಾಟ್-ಸಿಕ್ಸ್ ರೈಫಲ್ಲಿನ ಗುಂಡು ಸೆಕೆಂಡಿಗೆ ಸುಮಾರು ೮೨೦ ಮೀಟರಿನ ವೇಗದಿಂದ ಹೊರಡುತ್ತದೆ. ಅದನ್ನು ೨೦೦ ಮೀಟರಿಗೆ ಸರಿಯಾಗಿ ತಾಗುವಂತೆ ಹೊಂದಿಸಿದರೆ, ೧೦೦ ಮೀಟರಿನಲ್ಲಿ ಸುಮಾರು ಆರು ಸೆಂಟಿಮೀಟರು ಮೇಲೆ ಬೀಳುತ್ತದೆ. ೩೦೦ ಮೀಟರಿನಲ್ಲಿ ಕಾಲು ಮೀಟರಿಗೂ ತುಸು ಹೆಚ್ಚು ಕೆಳಗೆ, ೪೦೦ರಲ್ಲಿ ಮುಕ್ಕಾಲು ಮೀಟರಿನಷ್ಟು ಕೆಳಗೆ. ಮುನ್ನೂರನ್ನು ನಾನೂರೆಂದು ತಪ್ಪಾಗಿ ಅಂದಾಜು ಮಾಡಿದವನ ಗುಂಡು ಎದೆಗೆ ಬೀಳುವ ಬದಲು ಬೆನ್ನ ಮೇಲೆ ಹಾರಿಹೋಗುತ್ತದೆ; ನಾನೂರನ್ನು ಮುನ್ನೂರೆಂದವನದು ಕಾಲನ್ನು ಮುರಿಯುತ್ತದೆ. ಹಾರಿಹೋದರೆ ಚಿಂತೆಯಿಲ್ಲ, ಕಾಲು ಮುರಿದದ್ದೇ ಕೇಡು.

ಇದಲ್ಲದೆ ಗುರಿಗಾರನ ಸ್ವಂತ ನಡುಕವಿದೆ. ಮೇಜಿನ ಮೇಲೆ ಮರಳಿನ ಚೀಲಕ್ಕೆ ಒರಗಿಸಿ ಹೊಡೆದಾಗ ನೂರು ಮೀಟರಿನಲ್ಲಿ ಮೂರು ಸೆಂಟಿಮೀಟರಿನೊಳಗೆ ಗುಂಡು ಕೂರಿಸುವ ರೈಫಲ್ಲೇ, ನಿಂತು ಹೊಡೆಯುವವನ ಕೈಯಲ್ಲಿ ಮೂವತ್ತು ಸೆಂಟಿಮೀಟರಿಗೆ ಚದರಿಸಬಹುದು. ದೂರ ಇಮ್ಮಡಿಯಾದರೆ ಚದರುವಿಕೆಯೂ ಇಮ್ಮಡಿ. ಆದುದರಿಂದ ಮೇಜಿನ ಅಭ್ಯಾಸ ರೈಫಲ್ಲಿನ ಪರೀಕ್ಷೆಯಾಯಿತೇ ಹೊರತು ಮನುಷ್ಯನದಲ್ಲ. ಮಲಗಿ, ಕುಳಿತು, ಮಂಡಿಯೂರಿ, ಮರಕ್ಕೆ ಒರಗಿ, ಗುಡ್ಡ ಹತ್ತಿ ಏದುಸಿರು ಬಿಡುತ್ತಿರುವಾಗಲೂ ಹೊಡೆದು ನೋಡಬೇಕು. ಮೃಗದ ಹೃದಯ ಮತ್ತು ಶ್ವಾಸಕೋಶಗಳಿಗೆ ಸಮನಾಗಿ ಊಟದ ತಟ್ಟೆಯಷ್ಟು ಅಗಲದ ಗುರಿಯನ್ನಿಟ್ಟುಕೊಂಡು, ಹತ್ತಕ್ಕೆ ಹತ್ತು ಗುಂಡೂ ಅದರೊಳಗೆ ಬೀಳುವಷ್ಟು ದೂರವೇ ಅವನ ಮಿತಿ. ಗಾಜು ಎಷ್ಟೇ ಹತ್ತಿರ ತೋರಿಸಲಿ, ಆ ಮಿತಿ ಒಂದು ಗೇಣೂ ಮುಂದೆ ಹೋಗದು.

ಎಲ್ಲಕ್ಕಿಂತ ಹಟಮಾರಿ ದೋಷವೆಂದರೆ ಬೆಚ್ಚುವುದು. ಒದೆತವನ್ನೂ ಸದ್ದನ್ನೂ ನೆನೆದು, ಟ್ರಿಗರ್ ಎಳೆಯುವ ಮೊದಲೇ ಹೆಗಲು ಮುಂದೆ ಜಗ್ಗುತ್ತದೆ, ಕಣ್ಣು ಮುಚ್ಚುತ್ತದೆ. ಇದನ್ನು ಹೊರಗೆಡಹುವ ಉಪಾಯ ಸೊಗಸಾಗಿದೆ. ಗೆಳೆಯನೊಬ್ಬನು ಒಮ್ಮೆ ನಿಜವಾದ ತೋಟಾವನ್ನು, ಒಮ್ಮೆ ಮದ್ದಿಲ್ಲದ ಹುಸಿ ತೋಟಾವನ್ನು ತುಂಬಿ ಕೊಡುತ್ತಾನೆ, ಯಾವುದೆಂದು ಹೇಳುವುದಿಲ್ಲ. ಹುಸಿ ತೋಟಾ ಬಂದಾಗ ಸದ್ದಿಲ್ಲದ ರೈಫಲ್ಲು ಮೂತಿ ಬಗ್ಗಿಸಿತೆಂದರೆ ಗುಟ್ಟು ರಟ್ಟಾದಂತೆಯೇ. ಇದರ ಮದ್ದು ಖಾಲಿ ರೈಫಲ್ಲಿನ ಅಭ್ಯಾಸ, ಮತ್ತು ಒದೆತವೇ ಇಲ್ಲದ ಪಾಯಿಂಟ್ ಟು-ಟೂ ರೈಫಲ್ಲಿನಿಂದ ನೂರಾರು ಈಡು. ಉಸಿರನ್ನು ಅರ್ಧ ಬಿಟ್ಟು ತಡೆದು, ಬೆರಳನ್ನು ಮೆಲ್ಲನೆ ಬಿಗಿಮಾಡುತ್ತ ಹೋಗುವುದು ಹೀಗೆಯೇ ಒಗ್ಗುತ್ತದೆ.

ನಾರ್ವೆಯ ಸರ್ಕಾರವು ಇದನ್ನು ಬೇಟೆಗಾರನ ಇಚ್ಛೆಗೆ ಬಿಟ್ಟಿಲ್ಲ. ದೊಡ್ಡ ಬೇಟೆಗೆ ಹೋಗುವವನು ವರ್ಷವರ್ಷವೂ ಮೂವತ್ತು ಈಡುಗಳ ಅಭ್ಯಾಸವನ್ನು ಮುಗಿಸಿ, ನೂರು ಮೀಟರು ದೂರದ ಹಿಮಸಾರಂಗದ ಚಿತ್ರಕ್ಕೆ ಐದು ಗುಂಡು ಹೊಡೆಯಬೇಕು. ಐದೂ ಮೂವತ್ತು ಸೆಂಟಿಮೀಟರಿನ ವೃತ್ತದೊಳಗೆ ಬೀಳಬೇಕು. ನಾಲ್ಕು ಬಿದ್ದರೆ ಉತ್ತೀರ್ಣತೆಯಿಲ್ಲ. ಮೂಸ್ ಬೇಟೆಗೆ ಹೊರಡುವ ತಂಡಕ್ಕೆ, ಗಾಯಗೊಂಡು ಓಡಿದ ಮೃಗದ ಜಾಡು ಹಿಡಿಯಲು ಪರೀಕ್ಷೆಯಲ್ಲಿ ತೇರ್ಗಡೆಯಾದ ನಾಯಿಯೊಂದು ಕರೆದಾಗ ಒದಗುವಂತಿರಬೇಕೆಂಬ ಕಟ್ಟಳೆಯೂ ಅಲ್ಲಿದೆ.